ಮೂರೇ ಮುಳ್ಳಿನ ವಾಚಿಗೆ ಕೋಟಿಗಟ್ಟಲೆ ಬೆಲೆ ಏಕೆ?

ಪ್ರಶ್ನೆ: ಜಿನೀವಾದಲ್ಲಿ ಉದ್ಯೋಗದಲ್ಲಿರುವ ನಾನು, ಹರಾಜಿಗೆ ಮುನ್ನ ಏರ್ಪಡಿಸಿದ್ದ ಪ್ರದರ್ಶನವೊಂದರಲ್ಲಿ ಸ್ವಿಸ್ ಗಡಿಯಾರ ತಯಾರಕ ಫಿಲಿಪ್ ದ್ಯುಫೂರ್ ಅವರ ‘ಸಿಂಪ್ಲಿಸಿಟಿ’ ಕೈಗಡಿಯಾರವನ್ನು ಕಂಡೆ. ಗಂಟೆ, ನಿಮಿಷ, ಕೆಳಗೊಂದು ಪುಟ್ಟ ಸೆಕೆಂಡಿನ ಮುಳ್ಳು. ತಾರೀಖು ಕೂಡ ಇಲ್ಲ. ಬೆಂಗಳೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಿಂದ ನಿವೃತ್ತರಾದ ನನ್ನ ತಂದೆಗೆ ಅದರ ಚಿತ್ರ ಕಳಿಸಿದಾಗ, ‘ನಮ್ಮ ಜನತಾ ವಾಚೂ ಕೀ ಕೊಡುವುದೇ, ಇದೂ ಕೀ ಕೊಡುವುದೇ; ಹೆಸರಿಗೆ ದುಡ್ಡು ಕೊಡುತ್ತಾರೆ, ಅಷ್ಟೆ’ ಎಂದರು. ಅವರ ಮಾತು ನಿಜವೇ? ಕೊಳ್ಳುವವರು ಇದರಲ್ಲಿ ಏನನ್ನು ನೋಡುತ್ತಾರೆ?

ಉತ್ತರ: ನಿಮ್ಮ ತಂದೆಯವರ ಮಾತಿನ ಮೊದಲ ಅರ್ಧ ಪೂರ್ತಿ ಸರಿ. ಅತ್ತಿತ್ತ ತೂಗುತ್ತ ವಾಚಿನ ನಡೆಯನ್ನು ಹದದಲ್ಲಿಡುವ ಚಕ್ರವನ್ನು ಬ್ಯಾಲೆನ್ಸ್ ಎನ್ನುತ್ತಾರೆ; ಜನತಾ ವಾಚಿನ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಸಲ ತೂಗುತ್ತದೆ, ಸಿಂಪ್ಲಿಸಿಟಿಯದೂ ಅಷ್ಟೇ ಸಲ. ಚಕ್ರಗಳ ಅಚ್ಚು ಸವೆಯದಂತೆ ಕೂರಿಸುವ ಮಾಣಿಕ್ಯದ ಕಲ್ಲುಗಳು ಜನತಾದಲ್ಲಿ 17 ಇದ್ದರೆ ಸಿಂಪ್ಲಿಸಿಟಿಯಲ್ಲಿ 21. ಸುತ್ತಿದ ಸ್ಪ್ರಿಂಗು ಬಿಚ್ಚಿಕೊಳ್ಳುತ್ತ ಹಲ್ಲುಚಕ್ರಗಳನ್ನು ತಿರುಗಿಸುವ ತತ್ತ್ವದಲ್ಲಿ ಎರಡಕ್ಕೂ ಭೇದವಿಲ್ಲ. ಕರಾರುವಾಕ್ಕಾದ ಸಮಯವೇ ಬೇಕೆಂದಾದರೆ ಎರಡನ್ನೂ ಬಿಟ್ಟು ಬ್ಯಾಟರಿಯಿಂದ ನಡೆಯುವ ಸಾಧಾರಣ ಕ್ವಾರ್ಟ್ಜ್ ವಾಚನ್ನು ಕಟ್ಟಿಕೊಳ್ಳುವುದು ಲೇಸು. ಸ್ವಿಟ್ಜರ್ಲೆಂಡಿನ ಅಧಿಕೃತ ಕ್ರೋನೋಮೀಟರ್ ಪರೀಕ್ಷೆಯೇ, ಎಂದರೆ ವಾಚಿನ ನಿಖರತೆಯನ್ನು ಅಳೆಯುವ ಪರೀಕ್ಷೆಯೇ, ಯಾಂತ್ರಿಕ ವಾಚಿಗೆ ದಿನಕ್ಕೆ ಸರಾಸರಿ ನಾಲ್ಕು ಸೆಕೆಂಡು ಹಿಂದೆ, ಆರು ಸೆಕೆಂಡು ಮುಂದೆ ಹೋಗುವ ರಿಯಾಯಿತಿ ಕೊಡುತ್ತದೆ.

ಅವರ ಮಾತಿನ ಎರಡನೆಯ ಅರ್ಧದ ಬಗ್ಗೆ ನನಗೆ ತಕರಾರಿದೆ. 1948ರಲ್ಲಿ ಹುಟ್ಟಿದ ದ್ಯುಫೂರ್, ಸ್ವಿಸ್ ಗಡಿಯಾರ ಕಸುಬಿನ ತವರುಗಳಲ್ಲೊಂದಾದ ಜೂ ಕಣಿವೆಯವರು. ಅಲ್ಲಿನ ಲ ಸೋಲಿಯಾ ಎಂಬ ಹಳ್ಳಿಯ ಹಳೆಯ ಶಾಲೆಯ ಕಟ್ಟಡವೇ ಅವರ ಕಾರ್ಯಾಗಾರ. ಸರಳವಾದ ವಾಚು ಮಾಡಿದ್ದು ಕಷ್ಟದ್ದು ಬಾರದೆ ಅಲ್ಲ. ಗಂಟೆ ಮತ್ತು ಕಾಲುಗಂಟೆಗಳನ್ನು ತಾನಾಗಿ ಬಾರಿಸುವ, ಗುಂಡಿ ಒತ್ತಿದರೆ ನಿಮಿಷಗಳನ್ನೂ ಬಾರಿಸಿ ಹೇಳುವ ಯಂತ್ರವನ್ನು 1992ರಲ್ಲೇ ಅವರು ಕೈಗಡಿಯಾರದೊಳಗೆ ಅಡಗಿಸಿದ್ದರು. 1996ರಲ್ಲಿ ಎರಡು ಬ್ಯಾಲೆನ್ಸ್ ಚಕ್ರಗಳ ನಡೆಯ ಸರಾಸರಿಯನ್ನು ಮುಳ್ಳಿಗೆ ತಲುಪಿಸುವ ‘ಡ್ಯುಆಲಿಟಿ’ಯನ್ನು ಮಾಡಿದರು. ಇಷ್ಟಾದ ಮೇಲೆ 2000ದಲ್ಲಿ ಹೊರಬಂದದ್ದು ಸಿಂಪ್ಲಿಸಿಟಿ. ಮೊದಲು ನೂರನ್ನು ಮಾತ್ರ ಮಾಡುವ ಯೋಚನೆಯಿತ್ತು. ಬೇಡಿಕೆ ಕಂಡು ಅದು ಸುಮಾರು ಇನ್ನೂರಕ್ಕೆ ಏರಿತು, ಅಷ್ಟನ್ನು ಮುಗಿಸಲು ಒಂದು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಹೆಚ್ಚಿನ ಪಾಲು ಜಪಾನಿನ ಸಂಗ್ರಾಹಕರ ಕೈ ಸೇರಿತು.

ಆ ಕಾಲವೆಲ್ಲ ಎಲ್ಲಿ ವ್ಯಯವಾಯಿತು ಎಂಬುದು ವಾಚನ್ನು ಬೋರಲು ಹಾಕಿದರೆ ತಿಳಿಯುತ್ತದೆ. ಹಿಂಬದಿಯ ಗಾಜಿನ ಮೂಲಕ ಕಾಣುವ, ಚಕ್ರಗಳನ್ನು ಹಿಡಿದಿಡುವ ಲೋಹದ ತಗಡುಗಳನ್ನು ಬ್ರಿಜ್ ಎನ್ನುತ್ತಾರೆ. ಅವುಗಳ ಅಂಚನ್ನೆಲ್ಲ ಓರೆಯಾಗಿ ಅರದಿಂದ ಉಜ್ಜಿ, ಕೊನೆಗೆ ಆ ಕಣಿವೆಯ ಸುತ್ತ ಬೆಳೆಯುವ ಜೆಂಷನ್ ಗಿಡದ ಒಣಗಿದ ಕಡ್ಡಿಗೆ ಮೆರುಗಿನ ಪುಡಿ ಹಚ್ಚಿ ತಿಕ್ಕಿ ಕನ್ನಡಿಯಂತೆ ಮಾಡುತ್ತಾರೆ. ಹೊರಕ್ಕೆ ಚಾಚಿದ ಮೂಲೆಯನ್ನು ಯಂತ್ರವೂ ಚೆನ್ನಾಗಿ ಮಾಡೀತು. ಆದರೆ ಎರಡು ಓರೆ ಅಂಚುಗಳು ಒಳಮುಖವಾಗಿ ಕೂಡುವ ಮೂಲೆಯಲ್ಲಿ ಯಂತ್ರ ಸೋಲುತ್ತದೆ, ಏಕೆಂದರೆ ತಿರುಗುವ ಉಳಿಗೆ ತನ್ನದೇ ಆದ ಗುಂಡನೆಯ ಸುತ್ತಳತೆ ಇರುವುದರಿಂದ ಅದು ಮೂಲೆಯನ್ನೂ ಗುಂಡಾಗಿಯೇ ಬಿಡುತ್ತದೆ. ಅಲ್ಲಿ ಚೂಪಾದ ಒಂದೇ ಗೆರೆ ಮೂಡಬೇಕಾದರೆ ಮನುಷ್ಯನ ಕೈಯೇ ಆಗಬೇಕು, ಮತ್ತು ಆ ಕೈ ಒಂದು ಸಲ ಜಾರಿದರೆ ಅಲ್ಲಿಯವರೆಗಿನ ಕೆಲಸವೆಲ್ಲ ನೀರುಪಾಲು. ಉಕ್ಕಿನ ಸಣ್ಣ ಭಾಗಗಳಿಗೆ ಕೊಡುವ ಮೆರುಗು ಇನ್ನೊಂದು ಬಗೆಯದು. ತವರದ ತಟ್ಟೆಯ ಮೇಲೆ ಗಂಟೆಗಟ್ಟಲೆ ತಿಕ್ಕಿದ ಮೈ ಎಷ್ಟು ಸಮತಟ್ಟಾಗಿರುತ್ತದೆಂದರೆ, ಒಂದು ಕೋನದಿಂದ ಬೆಳ್ಳಗೆ ಹೊಳೆದದ್ದು ಸ್ವಲ್ಪ ವಾಲಿಸಿದೊಡನೆ ಕಾಡಿಗೆಯಂತೆ ಕಪ್ಪಾಗುತ್ತದೆ, ನಡುವೆ ಬೂದು ಬಣ್ಣವೆಂಬುದೇ ಕಾಣುವುದಿಲ್ಲ.

ಇದರಿಂದ ಎಚ್‌ಎಂಟಿಯ ಕೆಲಸ ಕೀಳೆಂದು ಯಾರೂ ತಿಳಿಯಬಾರದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆಯ ಹೆಗ್ಗಳಿಕೆಯೆಂದರೆ, ಒಂದು ವಾಚಿನ ಚಕ್ರ ಅದೇ ಮಾದರಿಯ ಇನ್ನೊಂದರಲ್ಲಿ ಕೂಡುವಷ್ಟು ಒಂದೇ ಸಮನಾದ ಭಾಗಗಳನ್ನು ರಾಶಿರಾಶಿಯಾಗಿ ತಯಾರಿಸಿ, ಗುಮಾಸ್ತನ ಸಂಬಳಕ್ಕೂ ಎಟಕುವಂತೆ ಮಾಡಿದ್ದು. ಅಲ್ಲಿ ಜಾಣ್ಮೆಯೆಲ್ಲ ಒಂದೇ ತೆರನಾಗಿಸುವುದರಲ್ಲಿ ಹೋಗಿದೆ. ಜೂ ಕಣಿವೆಯಲ್ಲಿ ಒಂದೊಂದನ್ನೂ ಬೇರೆಬೇರೆಯಾಗಿ ತೀಡುವುದರಲ್ಲಿ. ಜಪಾನಿನವರಿಗೆ ಎರಡೂ ಬೇಕೆನಿಸಿತು ಎಂಬುದು ಸ್ವಾರಸ್ಯ: ಕಾರ್ಖಾನೆಗಳಿಗೆ ಹೆಸರಾದ ಸೈಕೋ ಕಂಪನಿಯ ಶಿಯೋಜಿರಿ ಊರಿನ ಕುಶಲಕರ್ಮಿಗಳು ಮೆರುಗಿನ ಕೆಲಸದಲ್ಲಿ ದ್ಯುಫೂರ್ ಅವರಿಂದಲೇ ಪಾಠ ಹೇಳಿಸಿಕೊಂಡರು.

ಹೆಸರಿಗೂ ದುಡ್ಡಿದೆ, ಒಪ್ಪುತ್ತೇನೆ. ಇಪ್ಪತ್ತನೆಯ ವರ್ಷದ ನೆನಪಿಗೆಂದು ದ್ಯುಫೂರ್ ಮಾಡಿದ ಸಿಂಪ್ಲಿಸಿಟಿಯೊಂದು 2020ರ ನವೆಂಬರಿನಲ್ಲಿ ಜಿನೀವಾದಲ್ಲಿ ಫಿಲಿಪ್ಸ್ ಎಂಬ ಹರಾಜು ಸಂಸ್ಥೆ ನಡೆಸಿದ ಹರಾಜಿನಲ್ಲಿ 13 ಲಕ್ಷ ಸ್ವಿಸ್ ಫ್ರಾಂಕಿಗೂ ಹೆಚ್ಚಿಗೆ, ಎಂದರೆ ಅಂದಿನ ಲೆಕ್ಕದಲ್ಲಿ ಹತ್ತು ಕೋಟಿ ರೂಪಾಯಿಗೂ ಮೀರಿ ಮಾರಾಟವಾಯಿತು. ಅರದ ಕೆಲಸವೊಂದಕ್ಕೇ ಅಷ್ಟು ಬೆಲೆ ಬಂತೆಂದು ನಾನು ವಾದಿಸಲಾರೆ. ವಸ್ತು ಕೆಲವೇ, ಬೇಕೆನ್ನುವ ಶ್ರೀಮಂತರು ಹಲವರು. ಇಬ್ಬರು ಹಟಕ್ಕೆ ಬಿದ್ದರೆ ಬೆಲೆ ಎಲ್ಲಿಗಾದರೂ ಹೋದೀತು. ಕೆಲಸದ ಗುಣ ಶಾಶ್ವತವಾದದ್ದು, ಬೆಲೆ ಹಾಗಲ್ಲ.

ಮುಂದಿನ ಪ್ರದರ್ಶನಕ್ಕೆ ಹೋದಾಗ ವಾಚನ್ನು ಕೈಗೆ ಕೊಡುವಂತೆ ಕೇಳಿ. ಕೊಳ್ಳದವರಿಗೂ ಸಾಮಾನ್ಯವಾಗಿ ತೋರಿಸುತ್ತಾರೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಮೊದಲು ಆ ಒಳಮೂಲೆಗಳನ್ನು, ಬಳಿಕ ಸ್ಕ್ರೂಗಳ ತಲೆಯ ಸೀಳನ್ನು ನೋಡಿ. ಸೀಳಿನ ಅಂಚು ಕಿತ್ತಿದ್ದರೆ ಪಳಗದ ಕೈಯೊಂದು ಒಳಗೆ ಹೋಗಿ ಬಂದಿದೆ ಎಂದೇ ಅರ್ಥ. ಹೊರಕವಚವನ್ನು ಮತ್ತೆ ಮತ್ತೆ ಪಾಲಿಶ್ ಮಾಡಿಸಿ ಅದರ ಅಂಚುಗಳು ಕರಗಿದ್ದರೆ ಸಂಗ್ರಾಹಕರು ಬೆಲೆ ಇಳಿಸುತ್ತಾರೆ; ಹೊಸದರಂತೆ ಹೊಳೆಯುವುದನ್ನೇ ಮೆಚ್ಚುವ ನಮ್ಮವರಿಗೆ ಇದು ವಿಚಿತ್ರವೆನಿಸಬಹುದು. ಹಳೆಯ ಜನತಾ ವಾಚುಗಳಿಗೂ ಇದೇ ಮಾತು ಸಲ್ಲುತ್ತದೆ: ಡಯಲಿಗೆ ಹೊಸದಾಗಿ ಬಣ್ಣ ಬಳಿದು ಮಾರುವವರು ಹೇರಳವಾಗಿದ್ದಾರೆ, ಮಾಸಿದರೂ ಮೂಲ ಡಯಲನ್ನೇ ಉಳಿಸಿಕೊಂಡ ವಾಚಿಗೆ ಬಲ್ಲವರಲ್ಲಿ ಹೆಚ್ಚಿನ ಮನ್ನಣೆ. ನಿಮ್ಮ ತಂದೆಯವರ ಬಳಿ ಅಂಥದ್ದೊಂದು ಉಳಿದಿದ್ದರೆ, ಆಯಿಲಿಂಗ್ ಮಾಡಿಸಿ, ಆದರೆ ಡಯಲನ್ನು ಮುಟ್ಟಕೂಡದೆಂದು ರಿಪೇರಿಯವರಿಗೆ ಮೊದಲೇ ಹೇಳಿ.