ಮೊದಲು ಅಳತೆ, ಆಮೇಲೆ ಅಂಗಡಿ

ಪ್ರಶ್ನೆ: ಅಕ್ಕಾ, ನಮ್ಮ ಮಾವನವರಿಗೆ 64 ವರ್ಷ. ಗುದನಾಳದ ಕ್ಯಾನ್ಸರ್ ಅಂತ ಬೆಂಗಳೂರಿನಲ್ಲಿ ಆಪರೇಷನ್ ಆಗಿ, ಹೊಟ್ಟೆಯ ಎಡಗಡೆ ಕೊಲೊಸ್ಟೊಮಿ (ದೊಡ್ಡ ಕರುಳನ್ನು ಹೊಟ್ಟೆಯ ಮೇಲೆ ತೆರೆದು, ಮಲ ಬ್ಯಾಗಿಗೆ ಬರುವ ಹಾಗೆ) ಮಾಡಿದ್ದಾರೆ. ಮೂರು ವಾರ ಆಯಿತು. ಮನೆಗೆ ಕಳಿಸುವಾಗ ಎರಡು ಬ್ಯಾಗ್ ಕೈಗೆ ಕೊಟ್ಟರು, ಅಷ್ಟೇ. ಇಲ್ಲಿ ಮೆಡಿಕಲ್ ಶಾಪಿಗೆ ಹೋದರೆ ಯಾವ ಸೈಜು, ಯಾವ ಕಂಪನಿ, ಒನ್ ಪೀಸಾ ಟೂ ಪೀಸಾ ಅಂತ ನಮ್ಮನ್ನೇ ಕೇಳುತ್ತಾರೆ. ಆನ್‌ಲೈನಿನಲ್ಲಿ ಪೇಸ್ಟು, ಪೌಡರು, ಸ್ಪ್ರೇ, ಬೆಲ್ಟು, ರಿಂಗು ಅಂತ ಪಟ್ಟಿ ಮುಗಿಯುವುದೇ ಇಲ್ಲ. ಮಳೆ ಹಿಡಿದರೆ ನಮ್ಮೂರಿಗೆ ಕೊರಿಯರ್ ನೆಟ್ಟಗೆ ಬರಲ್ಲ. ಆರು ತಿಂಗಳಿಗಾಗುವಷ್ಟು ಒಟ್ಟಿಗೆ ತರಿಸಿಬಿಡೋಣ ಅಂತಾರೆ ನಮ್ಮವರು. ಏನೇನು ತರಿಸಲಿ?
- ಒಬ್ಬ ಸೊಸೆ, ಮೂಡಿಗೆರೆ ತಾಲ್ಲೂಕು

ಉತ್ತರ: ಆರು ತಿಂಗಳಿನದು ಈಗ ಬೇಡವೇ ಬೇಡ. ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ. ನನಗೂ ಇಂಥದ್ದೇ ಆಪರೇಷನ್ ಆದ ಮೂರನೇ ವಾರಕ್ಕೆ, ಮೊದಲೇ ತೂತು ಕೊಯ್ದು ಬರುವ ಪ್ಲೇಟುಗಳನ್ನು (ಬ್ಯಾಗನ್ನು ಹೊಟ್ಟೆಗೆ ಹಿಡಿಸುವ ಅಂಟುಬಿಲ್ಲೆ) ಡಬ್ಬಿಗಟ್ಟಲೆ ತರಿಸಿಕೊಂಡು ಕೂತಿದ್ದೆ. ಎರಡು ತಿಂಗಳಿಗೆ ಸ್ಟೋಮಾ (ಹೊಟ್ಟೆಯ ಮೇಲೆ ತೆರೆದಿರುವ ಕರುಳಿನ ಬಾಯಿ) ಕುಗ್ಗಿತು, ಪ್ಲೇಟಿನ ತೂತು ದೊಡ್ಡದಾಯಿತು, ಸುತ್ತಲಿನ ಚರ್ಮ ಸುಲಿದು ಕೆಂಪಗಾಯಿತು. ಒಂದೊಂದು ಪ್ಲೇಟಿಗೂ ನೂರಾರು ರೂಪಾಯಿ, ಅಷ್ಟೂ ಮಂಚದ ಕೆಳಗೆ ಹೋಯಿತು. ಆಪರೇಷನ್ ಆದಮೇಲೆ ಆರರಿಂದ ಎಂಟು ವಾರ ಸ್ಟೋಮಾದ ಊತ ಇಳಿಯುತ್ತಲೇ ಇರುತ್ತದೆ. ಅಲ್ಲಿಯತನಕ ಕತ್ತರಿಸಿಕೊಳ್ಳುವಂಥ ಪ್ಲೇಟು, ಒಂದೊಂದು ತಿಂಗಳಿನದು ಮಾತ್ರ.

ಅಳತೆಪಟ್ಟಿ ಅಂತ ತೂತುಗಳಿರುವ ಒಂದು ರಟ್ಟು ಡಬ್ಬಿಯಲ್ಲೇ ಬರುತ್ತದೆ, ಕಸ ಅಂತ ಬಿಸಾಡಬೇಡಿ. ವಾರಕ್ಕೊಮ್ಮೆ ಅದನ್ನಿಟ್ಟು ಅಳೆಯಿರಿ. ಪ್ಲೇಟಿನ ತೂತು ಸ್ಟೋಮಾಗಿಂತ ಎರಡು ಮೂರು ಎಂಎಂ ಮಾತ್ರ ದೊಡ್ಡದಿರಬೇಕು. ಜಾಸ್ತಿ ದೊಡ್ಡದಾದರೆ ಮಲ ಚರ್ಮಕ್ಕೆ ತಾಗುತ್ತದೆ, ತೀರಾ ಬಿಗಿಯಾದರೆ ಸ್ಟೋಮಾ ಉಜ್ಜಿಹೋಗುತ್ತದೆ. ಸ್ಟೋಮಾಕ್ಕೆ ನೋವು ಗೊತ್ತಾಗುವುದಿಲ್ಲ, ಅದಕ್ಕೇ ಕಣ್ಣಿನಿಂದಲೇ ನೋಡಿಕೊಳ್ಳಬೇಕು. ಬಾಯೊಳಗಿನ ಹಾಗೆ ಕೆಂಪಗೆ, ಒದ್ದೆಯಾಗಿದ್ದರೆ ಸರಿ. ಒರೆಸುವಾಗ ಒಂದೆರಡು ಹನಿ ರಕ್ತ ಬಂದರೆ ಗಾಬರಿ ಬೇಡ. ಕಪ್ಪಗೋ ನೇರಳೆಗೋ ತಿರುಗಿದರೆ ಮಾತ್ರ ಅವತ್ತೇ ಆಸ್ಪತ್ರೆಗೆ ಓಡಿ.

ಒನ್ ಪೀಸಾ, ಟೂ ಪೀಸಾ? ಒನ್ ಪೀಸಿನಲ್ಲಿ ಪ್ಲೇಟು ಬ್ಯಾಗು ಎರಡೂ ಸೇರಿಯೇ ಇರುತ್ತವೆ, ತೆಳ್ಳಗೆ, ಹಾಕುವುದೂ ಸುಲಭ, ಆದರೆ ಬ್ಯಾಗ್ ಬದಲಿಸಿದಾಗೆಲ್ಲ ಚರ್ಮದಿಂದ ಕೀಳಬೇಕು. ಟೂ ಪೀಸಿನಲ್ಲಿ ಪ್ಲೇಟು ಮೂರು ನಾಲ್ಕು ದಿನ ಹೊಟ್ಟೆಯ ಮೇಲೇ ಇರುತ್ತದೆ, ಬ್ಯಾಗ್ ಮಾತ್ರ ತೆಗೆದು ಹಾಕಬಹುದು. ಕಲಿಯುವ ದಿನಗಳಲ್ಲಿ ನನ್ನ ಓಟು ಟೂ ಪೀಸಿಗೆ. ಆದರೆ ಒಂದು ಕಂಪನಿಯ ಪ್ಲೇಟಿಗೆ ಇನ್ನೊಂದರ ಬ್ಯಾಗ್ ಕೂರುವುದಿಲ್ಲ. ಕೊಲೊಪ್ಲಾಸ್ಟ್, ಕಾನ್ವಾಟೆಕ್, ಹಾಲಿಸ್ಟರ್ ಯಾವುದೇ ಇರಲಿ, ಬ್ಯಾಗ್ ಸಿಕ್ಕಿಸುವ ಪ್ಲೇಟಿನ ಉಂಗುರ ಎಷ್ಟು ಎಂಎಂ ಸೈಜಿನದೋ, ಬ್ಯಾಗೂ ಅದೇ ಕಂಪನಿಯ ಅದೇ ಸೈಜಿನದಾಗಬೇಕು. ಖಾಲಿ ಡಬ್ಬಿಯ ಮೇಲಿನ ಕೋಡ್ ನಂಬರಿನ ಫೋಟೋ ತೆಗೆದು ಫೋನಿನಲ್ಲಿಟ್ಟುಕೊಳ್ಳಿ, ಅಂಗಡಿಯವರಿಗೆ ಅದನ್ನೇ ತೋರಿಸಿ. ಮುಂದಿನ ಸಲ ಚೆಕಪ್‌ಗೆ ಹೋದಾಗ ಸ್ಟೋಮಾ ನರ್ಸ್ ಇದ್ದರೆ ಮಾವನವರನ್ನು ಮಲಗಿಸಿ ಮಾತ್ರವಲ್ಲ, ಕೂರಿಸಿಯೂ ನೋಡಲು ಹೇಳಿ. ಕೂತಾಗ ಹೊಟ್ಟೆಯಲ್ಲಿ ಮಡಿಕೆ ಬಿದ್ದು ಸ್ಟೋಮಾ ಒಳಗೆ ಹೋಗುವವರಿಗೆ ಉಬ್ಬು ಪ್ಲೇಟು ಬೇಕಾಗುತ್ತದೆ.

ಉಳಿದ ಪಟ್ಟಿಯಲ್ಲಿ ಅರ್ಧಕ್ಕರ್ಧ ಈಗ ಬೇಡ. ಪೌಡರ್ ಚಿಕ್ಕದೊಂದು ಇರಲಿ. ಚರ್ಮ ಸುಲಿದು ಒಸರುತ್ತಿದ್ದರೆ ಮಾತ್ರ ಉದುರಿಸಿ ಮಿಕ್ಕಿದ್ದನ್ನು ಕೊಡವಬೇಕು, ಇಲ್ಲದಿದ್ದರೆ ಪ್ಲೇಟ್ ಅಂಟುವುದೇ ಇಲ್ಲ. ಮುಖಕ್ಕೆ ಹಾಕುವ ಪೌಡರ್ ನಡೆಯಲ್ಲ. ಪೇಸ್ಟನ್ನು ಎಲ್ಲರೂ ಗೋಂದು ಅಂದುಕೊಳ್ಳುತ್ತಾರೆ. ಅದು ಗುಂಡಿ ಮುಚ್ಚುವ ಗಾರೆ ಇದ್ದ ಹಾಗೆ, ಹೊಟ್ಟೆ ಸಮತಟ್ಟಾಗಿದ್ದರೆ ಬೇಕೇ ಇಲ್ಲ. ತುದಿ ಬಾಗಿರುವ ಸಣ್ಣ ಕತ್ತರಿ, ಮೆತ್ತನೆ ಹಳೇ ಬಟ್ಟೆ, ಬರೀ ನೀರು, ಇಷ್ಟು ಸಾಕು. ಡೆಟಾಲ್, ಸ್ಪಿರಿಟ್ ಹತ್ತಿರಕ್ಕೂ ತರಬೇಡಿ. ಚರ್ಮ ಕೆಂಪಾಯಿತು ಅಂತ ಅತ್ತೆಯವರು ಅರಿಶಿನವೋ ಕೊಬ್ಬರಿ ಎಣ್ಣೆಯೋ ಹಚ್ಚಲು ಬಂದರೆ ಕೈ ಹಿಡಿದುಕೊಳ್ಳಿ (ನಮ್ಮಮ್ಮ ಹಚ್ಚಿದ್ದರು, ಅರ್ಧ ಗಂಟೆಗೆ ಪ್ಲೇಟು ಕಳಚಿ ಕೈಗೆ ಬಂತು). ಬ್ಯಾಗಿನ ಬಾಯಿಗೆ ಹಾಕುವ ಕ್ಲಿಪ್ಪು ಬೇರೆಯಾಗಿ ಬರುವ ಮಾದರಿಯಾದರೆ, ಡಬ್ಬಿಗೆ ಒಂದೋ ಎರಡೋ ಇರುತ್ತದೆ. ಬ್ಯಾಗಿನ ಜೊತೆ ಅದನ್ನೂ ಎಸೆದು ಆಮೇಲೆ ರಬ್ಬರ್ ಬ್ಯಾಂಡ್ ಹುಡುಕಬೇಡಿ.

ನಿಮ್ಮ ಕಡೆಯ ಥಂಡಿಗೆ ಪ್ಲೇಟು ಬೇಗ ಹಿಡಿಯುವುದಿಲ್ಲ. ಹಚ್ಚುವ ಮುಂಚೆ ಎರಡು ಅಂಗೈ ನಡುವೆ ಒಂದು ನಿಮಿಷ ಇಟ್ಟುಕೊಂಡು, ಹಚ್ಚಿದ ಮೇಲೂ ಒಂದೆರಡು ನಿಮಿಷ ಅಂಗೈಯಿಂದ ಒತ್ತಿ ಹಿಡಿಯಿರಿ. ಒಲೆಯ ಹತ್ತಿರ ಕಾಯಿಸಬೇಡಿ. ಡಬ್ಬಿಗಳನ್ನು ಒಣಗಿದ ಜಾಗದಲ್ಲಿ, ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬದೊಳಗಿಡಿ. ಮೂರು ನಾಲ್ಕು ದಿನಕ್ಕೊಂದು ಅಂದರೆ ತಿಂಗಳಿಗೆ ಹತ್ತು ಪ್ಲೇಟು, ಮಳೆಗಾಲಕ್ಕೆ ಕೈಯಲ್ಲಿ ಇನ್ನೂ ಐದು ಜಾಸ್ತಿ ಇರಲಿ.

ಇನ್ನೊಂದು, ಮಾವನವರು ಉಡಿದಾರ ಕಟ್ಟುತ್ತಾರಾ, ಪಂಚೆ ಉಡುತ್ತಾರಾ? ಗಂಟು ಸ್ಟೋಮಾ ಮೇಲೆ ಬೀಳದ ಹಾಗೆ ಮೇಲಕ್ಕೋ ಕೆಳಕ್ಕೋ ಸರಿಸಲಿ. ಕಾಫಿ ಮೂಟೆಗೆ ಕೈ ಹಾಕುವುದಂತೂ ಬೇಡ, ಹರ್ನಿಯಾ ಆದೀತು.

ಪ್ರಶ್ನೆ: ನನ್ನದು ಇಲಿಯೊಸ್ಟೊಮಿ (ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತೆರೆದದ್ದು), ಆರು ತಿಂಗಳಾಯಿತು. ಹಾಸನದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಮಗಳ ಮನೆಗೆ ಹೋಗಬೇಕು. ದಾರಿಯಲ್ಲಿ ಸೋರಿದರೆ, ವಾಸನೆ ಬಂದರೆ ಏನು ಗತಿ?
- ಹಾಸನದ ಓದುಗರು

ಉತ್ತರ: ಬ್ಯಾಗ್ ಸರಿಯಾಗಿ ಕೂತಿದ್ದರೆ ವಾಸನೆ ಹೊರಗೆ ಬರಲ್ಲ. ಬಂತು ಅಂದರೆ ಎಲ್ಲೋ ಸೋರುತ್ತಿದೆ, ಇಲ್ಲ ಬ್ಯಾಗಿನ ಬಾಯಿ ಸರಿಯಾಗಿ ಒರೆಸಿಲ್ಲ. ಹಿಂದಿನ ದಿನ ಬೆಳಗ್ಗೆ ಏನೂ ತಿನ್ನುವ ಮೊದಲು ಪ್ಲೇಟು ಬದಲಿಸಿಬಿಡಿ, ಆಗ ಹರಿವು ಕಡಿಮೆ. ಹೊರಡುವ ದಿನವೇ ಹೊಸದು ಹಾಕಿ ದಾರಿಯಲ್ಲಿ ಪರೀಕ್ಷೆ ಮಾಡಬೇಡಿ. ಕೈಚೀಲದಲ್ಲಿ ಮೊದಲೇ ಕತ್ತರಿಸಿದ ಎರಡು ಪ್ಲೇಟು, ಎರಡು ಬ್ಯಾಗು, ಬಟ್ಟೆ, ನೀರಿನ ಬಾಟಲಿ, ಹಳೇ ಪೇಪರು, ಒಂದು ಲಂಗ ಇರಲಿ. ಇದನ್ನು ಬಸ್ಸಿನ ಡಿಕ್ಕಿಗೆ ಹಾಕಬೇಡಿ, ಮಡಿಲಲ್ಲೇ ಇರಲಿ. ಮೂರನೇ ಒಂದು ಭಾಗ ತುಂಬಿದರೂ ಬಸ್ ನಿಂತಲ್ಲಿ ಖಾಲಿ ಮಾಡಿಬಿಡಿ, ಭಾರಕ್ಕೇ ಪ್ಲೇಟು ಕೀಳುವುದು.

ಬಸ್ಸಿನಲ್ಲಿ ಶೌಚಕ್ಕೆ ಹೆದರಿ ನೀರು ಕುಡಿಯದೇ ಕೂರುವುದು ಮಾತ್ರ ನಿಮ್ಮಂಥವರಿಗೆ ಅಪಾಯ. ಇಲಿಯೊಸ್ಟೊಮಿಯಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ, ಒಂದು ಪ್ಯಾಕೆಟ್ ಓಆರ್‌ಎಸ್ ಇಟ್ಟುಕೊಳ್ಳಿ. ಹಿಂದಿನ ರಾತ್ರಿ ಕಳಲೆ ಪಲ್ಯ, ಅಣಬೆ, ಹಸಿ ಕೊಬ್ಬರಿ ಬೇಡ, ನಾರು ಕಟ್ಟಿಕೊಂಡು ಹೊಟ್ಟೆ ಹಿಡಿದೀತು. ಮಗಳಿಗೆ ಫೋನ್ ಮಾಡಿ, ಬಚ್ಚಲಿನಲ್ಲಿ ಮುಚ್ಚಳದ ಕಸದ ಡಬ್ಬಿ ಒಂದು ಇಡಲು ಹೇಳಿ. ಬ್ಯಾಗನ್ನು ಕಮೋಡಿಗೆ ಹಾಕಿದರೆ ಕಟ್ಟಿಕೊಳ್ಳುತ್ತದೆ.