ಟಿ.ಸಿ. ಬರೆಯುವ ಮೊದಲು ಬಿ.ಆರ್.ಸಿ.ಗೆ ಹೋಗಿ

ಶಿರಾ ತಾಲ್ಲೂಕಿನ ಖಾಸಗಿ ಶಾಲೆಯೊಂದರ ಕಾರ್ಯದರ್ಶಿಯವರು ಬರೆಯುತ್ತಾರೆ: “ನಾಲ್ಕನೇ ತರಗತಿಯ ಹುಡುಗನೊಬ್ಬನಿಗೆ ಇನ್ನೂ ಓದಲು ಬರುವುದಿಲ್ಲ. ಬೇರೆ ಶಾಲೆ ನೋಡಿಕೊಳ್ಳಿ ಎಂದಿದ್ದಕ್ಕೆ ತಂದೆ ವಕೀಲರಿಂದ ನೋಟಿಸ್ ಕೊಡಿಸಿದ್ದಾರೆ. ಇಲಾಖೆಯವರಿಗೆ ಮಾನ್ಯತೆ ನವೀಕರಣದ ಹೊತ್ತಿಗೆ ಮಾತ್ರ ನಮ್ಮ ನೆನಪು. ಅನುದಾನವಿಲ್ಲದ ನಾವು ಯಾರನ್ನು ಕೇಳಬೇಕು?”

ಮಾನ್ಯರೇ,

ಕಾನೂನಿನ ಮಾತನ್ನು ಮೊದಲು ಮುಗಿಸುತ್ತೇನೆ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಕಲಿಕಾ ನ್ಯೂನತೆಯನ್ನೂ (ಓದು, ಬರಹ, ಲೆಕ್ಕ ಕಲಿಯುವುದರಲ್ಲಿ ಇರುವ ತೊಡಕು) ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದೆ. ಅಂಗವಿಕಲ ಮಕ್ಕಳಿಗೂ ಉಳಿದವರ ಜೊತೆಯಲ್ಲೇ ಕಲಿಸಬೇಕೆನ್ನುವ ಅದರ 16ನೇ ಕಲಂ ಅನುದಾನ ಪಡೆದ ಶಾಲೆಗಳ ಜೊತೆಗೆ ಸರ್ಕಾರದ ಮಾನ್ಯತೆ ಪಡೆದ ಶಾಲೆಗಳನ್ನೂ ಹೆಸರಿಸುತ್ತದೆ. ಇಂಥ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಬೇಕೆಂದೂ ಹೇಳುತ್ತದೆ. ನೀವು ನವೀಕರಿಸಿಕೊಳ್ಳುವ ಆ ಮಾನ್ಯತೆಯೇ ನಿಮ್ಮನ್ನು ಈ ಹೊಣೆಗೆ ಸೇರಿಸಿದೆ.

ಹುಡುಗನಿಗೆ ಇರುವುದು ಕಲಿಕಾ ನ್ಯೂನತೆಯೇ, ದೃಷ್ಟಿದೋಷವೇ, ಅಥವಾ ಪಾಠ ತಪ್ಪಿಹೋಗಿದೆಯೇ ಎಂಬುದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಯಾರೂ ಪರೀಕ್ಷಿಸಿಲ್ಲ. ನನಗೆ ಸಂಕಟವಾಗುವುದು ಇಲ್ಲಿಯೇ. ಶಾಲೆ ಮತ್ತು ಮಕ್ಕಳ ವಿವರ ದಾಖಲಿಸುವ ಸರ್ಕಾರದ ಯುಡೈಸ್ ಪ್ಲಸ್‌ನಲ್ಲಿ ಮಾಹಿತಿ ತುಂಬುವಾಗ ಪ್ರತಿ ಮಗುವಿನ ಹೆಸರಿನ ಮುಂದೆಯೂ ವಿಶೇಷ ಅಗತ್ಯದ ಕಾಲಂ ಬರುತ್ತದೆ. ಶಾಲೆಯ ಹೆಸರು ಕೆಡುತ್ತದೆಂಬ ಭಯಕ್ಕೋ ಅವಸರಕ್ಕೋ ‘ಇಲ್ಲ’ ಎಂದು ತುಂಬಿಬಿಟ್ಟರೆ ಇಲಾಖೆಯ ಲೆಕ್ಕದಲ್ಲಿ ಆ ಮಗುವಿನ ಕಷ್ಟವೇ ಇರುವುದಿಲ್ಲ. ಆರು ವರ್ಷದ ನಂತರ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯವನ್ನೋ ಬರೆದುಕೊಡುವ ಸಹಾಯಕರನ್ನೋ ಕೇಳಲು ವೈದ್ಯಕೀಯ ಪ್ರಮಾಣಪತ್ರ ಬೇಕಾಗುತ್ತದೆ. ಆಗ ಓಡಾಡುವವರು ತಾಯಿ ತಂದೆ.

ಆದ್ದರಿಂದ ಈ ವಾರವೇ ಬಿ.ಆರ್.ಸಿ.ಗೆ, ಅಂದರೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋಗಿ, ಬಿ.ಐ.ಇ.ಆರ್.ಟಿ. ಎಂದು ಕರೆಯುವ, ಅಂಗವಿಕಲ ಮಕ್ಕಳಿಗೂ ಎಲ್ಲರ ಜೊತೆ ಕಲಿಸುವ ಸಮನ್ವಯ ಶಿಕ್ಷಣದ ಶಿಕ್ಷಕರನ್ನು ಕಾಣಿ. ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯ ಸಲಕರಣೆಗಳು ಮುಖ್ಯವಾಗಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ, ನಿಜ. ಆದರೆ ನಿಮಗೀಗ ಬೇಕಿರುವುದು ಮಗುವನ್ನು ಹೇಗೆ ಗಮನಿಸಬೇಕು, ತಪಾಸಣೆಗೆ ಎಲ್ಲಿಗೆ ಕಳಿಸಬೇಕು ಎಂದು ಬಲ್ಲವರ ಮಾತು. ಹೋಗುವಾಗ ಅವನ ನೋಟ್‌ಪುಸ್ತಕಗಳನ್ನೂ ತರಗತಿಯ ಶಿಕ್ಷಕಿಯನ್ನೂ ಕರೆದುಕೊಂಡು ಹೋಗಿ. ‘ದಡ್ಡ’ ಎಂದು ನೀವು ಹೇಳುವುದಕ್ಕಿಂತ ಅವನು ಯಾವ ಅಕ್ಷರ ಬಿಡುತ್ತಾನೆ, ಯಾವ ಒತ್ತಕ್ಷರದಲ್ಲಿ ತಡವರಿಸುತ್ತಾನೆ ಎಂದು ಶಿಕ್ಷಕಿ ತೋರಿಸುವುದು ಹೆಚ್ಚು ಉಪಯೋಗ. ತಾಲ್ಲೂಕಿನಲ್ಲಿ ದಾರಿ ಕಾಣದಿದ್ದರೆ ಮಧುಗಿರಿಯ ಉಪನಿರ್ದೇಶಕರ ಕಚೇರಿಗೆ ಬರೆಯಿರಿ. ನಿಮ್ಮ ತಾಲ್ಲೂಕು ಆ ಶೈಕ್ಷಣಿಕ ಜಿಲ್ಲೆಗೇ ಸೇರಿದ್ದು.

ಇನ್ನು ವಕೀಲರು. ಅವರನ್ನು ಶತ್ರುವೆಂದು ಎಣಿಸಬೇಡಿ. ಆ ತಂದೆಯ ಮಾತನ್ನು ನೀವು ಕೇಳಿಸಿಕೊಳ್ಳದಿದ್ದಾಗ ಕೇಳಿಸಿಕೊಂಡವರು ಅವರು. ಮಕ್ಕಳಿಗೂ ಅಂಗವಿಕಲರಿಗೂ 1987ರ ಕಾನೂನು ಸೇವೆಗಳ ಕಾಯ್ದೆಯಡಿ ಉಚಿತ ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯವರನ್ನು ಶಾಲೆಗೆ ನೀವೇ ಆಹ್ವಾನಿಸಬಹುದು. ಪೋಷಕರ ಸಭೆಯ ದಿನವಾದರೆ ಇನ್ನೂ ಒಳ್ಳೆಯದು.

ನೋಟಿಸಿಗೆ ಉತ್ತರವನ್ನು ಗಡುವಿನೊಳಗೆ ಕೊಡಿ. ಹುಡುಗ ನಮ್ಮಲ್ಲೇ ಓದುತ್ತಾನೆ, ತಪಾಸಣೆಗೆ ಇಂಥ ದಿನ ಕರೆದೊಯ್ಯುತ್ತೇವೆ, ತಂದೆತಾಯಿಯೂ ಜೊತೆಗೆ ಬರಲಿ ಎಂದು ಬರೆದು, ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ.

— ಸಂಪಾದಕ