30 ದಿನ ದಾಟುವ ಮೊದಲೇ ತಮ್ಮನನ್ನು ಕಳಿಸಿ

ಸೇನೆಯಲ್ಲಿರುವ ನಿಮ್ಮ ತಮ್ಮ ರಜೆ ಸಿಗದ ಸಿಟ್ಟಿಗೆ ಹೇಳದೆ ಗಡಿಯಿಂದ ಸಿಂಧನೂರಿಗೆ ಬಂದು 22 ದಿನ ಆಯ್ತು, ವಾಪಸ್ ಹೋಗುತ್ತಿಲ್ಲ ಅಂದಿರಲ್ಲ, ಈಗ ಅವನನ್ನು ತಡೆಯುತ್ತಿರುವುದು ಸಿಟ್ಟಲ್ಲ, ಭಯ. 30 ದಿನ ದಾಟಿದರೆ ವಿಚಾರಣೆ ನಡೆಸಿ ಓಡಿಹೋದವನು ಅಂತ ದಾಖಲಿಸುತ್ತಾರೆ, ಪೊಲೀಸರೂ ಹುಡುಕಬಹುದು. ಹೇಳದೆ ಗೈರಾದರೆ ಆರ್ಮಿ ಆಕ್ಟ್ 39ನೇ ಸೆಕ್ಷನ್ನಿನಲ್ಲಿ ಹೆಚ್ಚೆಂದರೆ 3 ವರ್ಷ ಜೈಲು. ವಾಪಸ್ ಹೋಗುವ ಮನಸ್ಸೇ ಇರಲಿಲ್ಲ ಅಂತಾದರೆ 38ನೇ ಸೆಕ್ಷನ್, ಯುದ್ಧದ ಕರ್ತವ್ಯದಲ್ಲಿದ್ದರೆ ಮರಣದಂಡನೆವರೆಗೂ ಇದೆ. ಇವತ್ತೇ ಯೂನಿಟ್‌ಗೆ ಅವನಿಂದಲೇ ಫೋನ್ ಮಾಡಿಸಿ. ನಾಳೆ ಐಡಿ ಕಾರ್ಡ್ ಸಮೇತ ರಾಯಚೂರಿನಲ್ಲಿ ರೈಲು ಹತ್ತಿಸಿ. ಟಿಕೆಟ್ ಜೋಪಾನ, ತಾನಾಗಿಯೇ ಹೊರಟ ಅನ್ನೋದಕ್ಕೆ ಅದೇ ಸಾಕ್ಷಿ. ರಜೆಯ ದೂರನ್ನು ಅಲ್ಲಿ ಸೇರಿದ ಮೇಲೆ 26ನೇ ಸೆಕ್ಷನ್ನಿನಡಿ ಬರೆದು ಕೊಡಲಿ. ಶಿಕ್ಷೆ ಎಷ್ಟಾಗುತ್ತೆ ಅಂತ ಈಗಲೇ ಹೇಳಲಾಗದು, ಅದು ಅಲ್ಲಿನ ಅಧಿಕಾರಿಗಳ ಕೈಯಲ್ಲಿದೆ.